ಉಪ್ಪುನೀರಿನವ

“ಉಪ್ಪುನೀರಿಗೆ ನೆಟ್ಟಗಾಗುವ ಬೆನ್ನು ಯಾವತ್ತು ಕೆಟ್ಟಿತ್ತಪ್ಪ?” ಅಂದ ಏಕನಾಥ. ಅಂದದ್ದು ಮರಾಠಿಯಲ್ಲಿ, ಪುಣೆಯ ಹಿಂಜವಾಡಿಯಲ್ಲಿ ನಮ್ಮ ಗಾಡಿಗಳು ನಿಲ್ಲುವ ಬಯಲಿನಲ್ಲಿ, ಪಾಳಿ ಬದಲಾಗುವ ಹೊತ್ತಿಗೆ ಚಹಾದ ಗಾಡಿಯ ಸುತ್ತ ಸೇರುವ ಅಷ್ಟೂ ಡ್ರೈವರುಗಳ ಎದುರಿಗೆ. “ಸೊಂಟ ಹಿಡಿದಿದೆ, ದೊಡ್ಡ ಗಾಡಿ ಬೇಡ, ದೂರದ ಟ್ರಿಪ್ಪು ಬೇಡ ಅಂತ ಅತ್ತ. ನಾನೂ ಪಾಪ ಅಂತ ಸಣ್ಣ ಗಾಡಿ ಕೊಟ್ಟೆ. ಈಗ ನೋಡಿದರೆ ದವಾಖಾನೆಯವರು ಇವನಿಗೆ ಚುಚ್ಚಿದ್ದು ಬರೀ ನೀರು. ನೀರಿಗೆ ಹೋಗುವ ನೋವು ನೋವಲ್ಲ, ನಾಟಕ. ಎಂಟನೇತ್ತಾ ಫೇಲಾದವನ ತಲೆ ಓದಿಗೆ ಓಡಲಿಲ್ಲ, ಇಂಥದಕ್ಕೆ ಚೆನ್ನಾಗಿ ಓಡುತ್ತದೆ.”

ಎಲ್ಲರೂ ನಕ್ಕರು. ಜೊತೆಯ ಡ್ರೈವರ್ ಅವಧೂತನಂತೂ ತನ್ನ ಬಾಟಲಿಯ ಮುಚ್ಚಳ ತೆಗೆದು ನನ್ನ ಅಂಗಿಯ ಕಾಲರಿನೊಳಗೆ ನಾಲ್ಕು ಹನಿ ಬಿಟ್ಟು, “ತಗೋ, ಇವತ್ತಿನ ಡೋಸು” ಅಂದ.

ನಾನು ಫೇಲಾದವನಲ್ಲ. ಒಂಬತ್ತನೇತ್ತಾ ನಡುವೆ ಶಾಲೆಯನ್ನು ನಾನೇ ಬಿಟ್ಟವನು. ಆದರೆ ಏಕನಾಥನಿಗೆ ಅದನ್ನು ಹೇಳಿ ಏನು ಮಾಡುವುದು? ಯಾರಿಗೆ ಯಾವ ಗಾಡಿ, ಯಾವ ಪಾಳಿ ಅಂತ ಹಂಚುವವನು ಅವನು. ಅವನ ಬಾಯಿಂದ ಬಿದ್ದ ಹೆಸರು ಈ ಬಯಲಿನಲ್ಲಿ ಅಂಟಿಕೊಳ್ಳುತ್ತದೆ. ಆ ಸಂಜೆಯಿಂದ ಹೊಳಬಸಪ್ಪ ಅನ್ನುವ ನನ್ನ ಹೆಸರೂ ಹೋಯಿತು, ಬಸು ಅನ್ನುವ ಅಡ್ಡಹೆಸರೂ ಹೋಯಿತು. ಪಾಣೀವಾಲಾ ಅಂತಾಯಿತು. ನೀರಿನವ.

ಚಹಾದ ಗ್ಲಾಸು ಕೆಳಗಿಟ್ಟೆ. ನನ್ನ ಕೈ ಬೇಗ ಏಳುತ್ತದೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಅವಧೂತ ಹಿಂದೆ ಸರಿದ. ಸರಿಯುವಾಗ ಸೊಂಟ ಹಿಡಿದುಕೊಂಡ.

“ನಿನಗೆ ಯಾವುದು ಚುಚ್ಚಿದ್ದರು?” ಅಂತ ಕೇಳಿದೆ.

“ಅಸಲಿ,” ಅಂದ, ಎದೆ ಮುಂದೆ ಮಾಡಿ.

“ಮತ್ತೆ ಸೀಟಿನ ಮೇಲೆ ಎರಡು ದಿಂಬು ಯಾಕೆ?”

“ನೋವು ಹೋಗಿಲ್ಲ, ಅದಕ್ಕೆ. ಆದರೆ ಔಷಧ ಅಸಲಿ.”

ಇದು ನಮ್ಮ ಜನರ ಬುದ್ಧಿ. ದವಾಖಾನೆಯವರು ಪರೀಕ್ಷೆ ಮಾಡಲು ನಮ್ಮನ್ನು ಎರಡು ಗುಂಪು ಮಾಡಿದ್ದರೆ, ಇವರು ಅದನ್ನು ಲಾಟರಿ ಅಂತ ತಿಳಿದರು. ಅಸಲಿ ಸಿಕ್ಕವರು ಗೆದ್ದವರು, ಬೆನ್ನು ಇನ್ನೂ ಮುರಿಯುತ್ತಿದ್ದರೂ. ನೀರು ಸಿಕ್ಕವರು ಸೋತವರು. ನೀರು ಸಿಕ್ಕು ವಾಸಿಯಾದವನಂತೂ ಕಳ್ಳ.

ನೋವು ಹೇಗಿತ್ತು ಅಂತ ನನ್ನನ್ನು ಕೇಳಬೇಕು. ಹೋದ ವರ್ಷ ದೀಪಾವಳಿಯ ಮುಂದೆ ಶುರುವಾಯಿತು. ವಾಕಡದ ಸೇತುವೆಯ ಹತ್ತಿರ ಗಾಡಿಗಳು ಇರುವೆಯ ಸಾಲಿನಂತೆ ನಿಂತಾಗ, ಕ್ಲಚ್ ಒತ್ತಿದಾಗಲೆಲ್ಲ ಸೊಂಟದಿಂದ ಎಡಗಾಲಿನ ಹಿಮ್ಮಡದವರೆಗೆ ಕಾದ ತಂತಿ ಎಳೆದಂತಾಗುತ್ತಿತ್ತು. ಹಿಂದಿನ ಸೀಟಿನವರಿಗೆ ಗೊತ್ತಾಗಬಾರದು ಅಂತ ರೇಡಿಯೊದ ದನಿ ಏರಿಸುತ್ತಿದ್ದೆ. ಅದು ನಾಟಕವಾದರೆ ನನ್ನಂಥ ನಟ ಈ ಪುಣೆಯಲ್ಲೇ ಇಲ್ಲ.

ಆ ದಿನಗಳಲ್ಲೇ ಪಿಂಪ್ರಿ ಕಡೆಯ ಒಂದು ಧರ್ಮಾರ್ಥ ದವಾಖಾನೆಯಿಂದ ಡಾಕ್ಟರ್ ಕೇತಕಿ ನಮ್ಮ ಬಯಲಿಗೆ ಬಂದರು. ಬೆಳಗಾವಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಇಲ್ಲೇ. ಸೊಂಟನೋವಿನ ಡ್ರೈವರುಗಳು ಬೇಕಾಗಿದ್ದಾರೆ ಅಂದರು. ಮೆಸೊಥೆರಪಿ ಅಂತ ಒಂದು ಚಿಕಿತ್ಸೆ. ಕೂದಲಿನಂಥ ಸಣ್ಣ ಸೂಜಿಯಿಂದ ನೋವಿರುವ ಜಾಗದ ತುಂಬ, ಚರ್ಮದ ಕೆಳಗೇ, ಹನಿ ಹನಿ ಔಷಧ ಬಿಡುವುದು. ಹಚ್ಚೆ ಹಾಕಿಸಿಕೊಂಡಂತೆ ಚುರು ಚುರು ಅನ್ನುತ್ತದೆ, ಅಷ್ಟೇ. ಊರ ತುಂಬ ಕ್ಲಿನಿಕ್ಕುಗಳಲ್ಲಿ ಇದನ್ನು ಕೊಡುತ್ತಾರೆ, ನೋವಿಗೂ ಕೊಡುತ್ತಾರೆ, ಕೂದಲು ಉದುರುವುದಕ್ಕೂ ಕೊಡುತ್ತಾರೆ, ಗಲ್ಲದ ಕೆಳಗಿನ ಕೊಬ್ಬಿಗೂ ಕೊಡುತ್ತಾರೆ. ಒಬ್ಬೊಬ್ಬರು ಒಂದೊಂದು ಮಿಶ್ರಣ. “ಇದು ಎಷ್ಟು ಕೆಲಸ ಮಾಡ್ತದ ಅಂತ ಸರಿಯಾಗಿ ನೋಡಿದವರು ಕಡಿಮಿ,” ಅಂದರು ಕೇತಕಿ, ನನಗೆ ಕನ್ನಡದಲ್ಲೇ. “ಅದಕ್ಕ ಅರ್ಧ ಮಂದಿಗೆ ಔಷಧ, ಅರ್ಧ ಮಂದಿಗೆ ಬರೇ ಉಪ್ಪುನೀರು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರೂದಿಲ್ಲ, ಚುಚ್ಚೋ ನನಗೂ ಗೊತ್ತಿರೂದಿಲ್ಲ. ಒಪ್ಪಿಗಿ ಇದ್ದರ ಬರ್ರಿ.”

ಒಪ್ಪಿದೆ. ಒಂದು ಷರತ್ತಿತ್ತು. ಪರೀಕ್ಷೆ ಮುಗಿಯುವವರೆಗೆ ನೋವಿನ ಗುಳಿಗೆ ತಗೊಳ್ಳಬಾರದು, ಬೇರೆ ಡಾಕ್ಟರ ಹತ್ತಿರ ಹೋಗಬಾರದು. ಸರಿ ಅಂದೆ. ಸರಿ ಅಂದ ಮೇಲೆ ಸರಿ. ಒಮ್ಮೆ ಸೇತುವೆಯ ಹತ್ತಿರ ಕಣ್ಣಿಗೆ ಕತ್ತಲೆ ಬಂದು ಗಾಡಿ ಬದಿಗೆ ಹಾಕಿದಾಗ ಅವಧೂತ ತನ್ನ ಕಿಸೆಯ ಗುಳಿಗೆಪಟ್ಟಿ ಮುಂದೆ ಹಿಡಿದ. “ತಗೋ, ಯಾರು ನೋಡ್ತಾರೆ?” ಅಂದ. ನಾನು ತಗೊಳ್ಳಲಿಲ್ಲ. ಯಾರೂ ನೋಡದ ಕಡೆ ಮಾತು ಉಳಿಸಿಕೊಂಡವನು ನಾನು, ಮತ್ತು ಈ ಬಯಲಿನಲ್ಲಿ ಕಳ್ಳ ಅನ್ನಿಸಿಕೊಂಡವನೂ ನಾನೇ. ನನ್ನ ಸಿಟ್ಟು ಎಲ್ಲಿಂದ ಬರುತ್ತದೆ ಅಂತ ಈಗ ತಿಳಿಯಿತಲ್ಲ.

ದವಾಖಾನೆಯಲ್ಲಿ ನೋವು ಎಷ್ಟಿದೆ ಅಂತ ಕೇಳುತ್ತಿದ್ದವಳು ಹರ್ಷದಾ ಅನ್ನುವ ಹುಡುಗಿ. ಅವಳು ನಗುತ್ತಿರಲಿಲ್ಲ, ಚಹಾ ಕೇಳುತ್ತಿರಲಿಲ್ಲ. ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಹೇಳಿ. ಹೇಳಿದ್ದನ್ನು ಬರೆದುಕೊಂಡು, ಮುಂದಿನವರು. ಕಲ್ಲಿನಂಥವಳು ಅಂತ ನಾವೆಲ್ಲ ಬೈಯುತ್ತಿದ್ದೆವು. ಅವಳ ಎದುರಿಗೆ ನನ್ನ ನೋವು ಎಂಟರಿಂದ ಐದಕ್ಕೆ ಇಳಿಯಿತು, ಐದರಿಂದ ಎರಡಕ್ಕೆ. ನಿಜವಾಗಿ ಇಳಿಯಿತು. ಗಾಡಿಯಿಂದ ಇಳಿದು ನೆಟ್ಟಗೆ ನಡೆದ ದಿನ ಬಯಲಿನಲ್ಲೆಲ್ಲ ಹೇಳಿಕೊಂಡು ಬಂದೆ, ಔಷಧ ಅಂದರೆ ಇದು ಅಂತ. ಎಲ್ಲ ಮುಗಿದ ಮೇಲೆ ಯಾರಿಗೆ ಏನು ಕೊಟ್ಟಿದ್ದೆವು ಅಂತ ದವಾಖಾನೆಯವರೇ ಫೋನು ಮಾಡಿ ತಿಳಿಸಿದರು. ನನ್ನದು ನೀರು ಅನ್ನುವ ಸುದ್ದಿ ಬಯಲಿನಲ್ಲಿ ಹಬ್ಬಲು ಒಂದು ದಿನವೂ ಬೇಕಾಗಲಿಲ್ಲ.

ಏಕನಾಥ ನಕ್ಕ ಮರುದಿನ ನಾನು ನೆಟ್ಟಗೆ ಕೇತಕಿಯವರ ಕೋಣೆಗೆ ನುಗ್ಗಿದೆ.

“ನನ್ನ ಮಾನ ಕಳದ್ರಿ ನೀವು.”

“ಬಸು, ಮೊದಲ ಕೂಡ್ರಿ.”

“ಕೂಡ್ರಂಗಿಲ್ಲ. ನೀರಿಗೆ ಆರಾಮಾದಾಂವ, ಅಂದ್ರ ನೋವs ಇದ್ದಿದ್ದಿಲ್ಲ ಅಂತಾರ. ನನ್ನ ನೋವು ಸುಳ್ಳೇನು?”

“ಸುಳ್ಳಲ್ಲ.”

“ಮತ್ತ ನೀರಿಗೆ ಹೆಂಗ ಹೋತು?”

“ಗೊತ್ತಿಲ್ಲ,” ಅಂದರು ಅವರು.

ನಾನು ಕೂತೆ. ಡಾಕ್ಟರೊಬ್ಬರು ಗೊತ್ತಿಲ್ಲ ಅಂದದ್ದನ್ನು ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ.

“ಕೆಲವು ಸೊಂಟನೋವು ದಿನ ಕಳದಂಗ ತಾನೇ ಇಳೀತದ,” ಅಂದರು. “ಸಣ್ಣ ಗಾಡಿ ಸಿಕ್ಕಿದ್ದಕ್ಕೂ ಇಳಿದಿರಬಹುದು. ಸೂಜಿ ಚುಚ್ಚಿದ್ದಕ್ಕs ಮೈ ಏನರೆ ಮಾಡಿಕೊಂಡಿರಬಹುದು. ಆರಾಮ ಆಗ್ತದ ಅನ್ನೂ ನಂಬಿಕೀನೂ ಮೈಯೊಳಗs ಕೆಲಸ ಮಾಡ್ತದ. ಯಾವುದು ಎಷ್ಟು ಅಂತ ಹೇಳಲಿಕ್ಕೆ ನಮ್ಮ ಪರೀಕ್ಷಾ ಸಣ್ಣದು. ನೀರಿನ ಗುಂಪಿನಾಗ ಭಾಳ ಮಂದಿಗೆ ಆರಾಮ ಆಗೇದ, ಬಸು. ಔಷಧದ ಗುಂಪಿನಾಗ ಅದಕ್ಕಿಂತ ಒಂಚೂರು ಜಾಸ್ತಿ. ಆ ಒಂಚೂರು ಖರೆನೋ, ಹಂಗs ಬಿದ್ದದ್ದೋ ಹೇಳಲಿಕ್ಕೆ ಬರೂದಿಲ್ಲ. ಇನ್ನೂ ದೊಡ್ಡದು ಮಾಡಬೇಕು, ಬ್ಯಾರೆ ದವಾಖಾನಿಯೊಳಗೂ ಮಾಡಬೇಕು.”

“ಮತ್ತ ನಮ್ಮನ್ನ ಯಾಕ ನೀರಿನಾಗ ಹಾಕಿದ್ರಿ?”

“ನೀವು ಇರದಿದ್ದರ, ಆರಾಮ ಆದವರೆಲ್ಲಾ ಔಷಧದಿಂದs ಆದ್ರು ಅಂತ ಬರಕೊಂಡು ಬಿಡ್ತಿದ್ವಿ. ಇಷ್ಟು ವರ್ಷ ಹಂಗs ನಡದದ. ಔಷಧ ತಗೊಂಡವರಿಗಿಂತ ನಿಮ್ಮ ಗುಂಪಿನ ಮಾತಿಗೆ ತೂಕ ಒಂದು ಗುಂಜಿನೂ ಕಡಿಮಿ ಇಲ್ಲ.”

ಬೇಕಾದರೆ ಏಕನಾಥನಿಗೆ ಫೋನು ಮಾಡಿ ಹೇಳುತ್ತೇನೆ ಅಂದರು. ಬೇಡ ಅಂದೆ. ನನ್ನ ಪರವಾಗಿ ಹೆಣ್ಣುಮಗಳೊಬ್ಬಳು ಫೋನು ಮಾಡಿದರೆ ಬಯಲಿನಲ್ಲಿ ಇನ್ನೊಂದು ಹೆಸರು ಹುಟ್ಟುತ್ತದೆ. ಆದರೆ ಹೊರಗೆ ಬಂದಾಗ ಹೋದಾಗಿನಷ್ಟು ಸಿಟ್ಟು ಇರಲಿಲ್ಲ. ತೂಕ ಅಂದರಲ್ಲ, ಆ ಶಬ್ದ ತಲೆಯಲ್ಲಿ ಕೂತಿತ್ತು. ನನ್ನ ಮಾತಿಗೆ ತೂಕವಿದೆ ಅಂತ ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ.

ಕೇತಕಿಯವರ ಮೇಲಿನವರು ಡಾಕ್ಟರ್ ಮಧ್ವೇಶ. ಧಾರವಾಡದವರು. ದವಾಖಾನೆಯ ನೋವಿನ ವಿಭಾಗಕ್ಕೆ ಅವರೇ ಹಿರಿಯರು, ಚಿಂಚವಾಡದಲ್ಲಿ ಸ್ವಂತ ಕ್ಲಿನಿಕ್ಕೂ ಇದೆ, ಅಲ್ಲಿ ವರ್ಷಗಳಿಂದ ಇದೇ ಸೂಜಿ. ನಮ್ಮವ್ವ ರುದ್ರವ್ವ ಬಡಿಯುವ ಜೋಳದ ರೊಟ್ಟಿ ಅವರ ಮನೆಗೆ ಹೋಗುತ್ತದೆ. ಅವ್ವನ ಭುಜ ಹಿಡಿದಾಗ ಅವರೇ ಕರೆಸಿ, ಏನೂ ತಗೊಳ್ಳದೆ, ತಿಂಗಳುಗಟ್ಟಲೆ ಚಿಕಿತ್ಸೆ ಮಾಡಿದ್ದರು. ದೊಡ್ಡ ಮನುಷ್ಯರು. ಈ ಕಥೆಯಲ್ಲಿ ಅವರನ್ನು ಕೆಟ್ಟವರನ್ನಾಗಿ ಮಾಡಿದರೆ ನನಗೆ ಸುಲಭ, ಆದರೆ ಅವರು ಕೆಟ್ಟವರಲ್ಲ.

ಆ ವಾರ ರೊಟ್ಟಿ ಕೊಡಲು ಹೋದಾಗ ಅವರೇ ಬಾಗಿಲಿಗೆ ಬಂದರು. “ಬಾರೋ ಬಸೂ, ಒಳಗ ಬಾ. ಚಹಾ ಕುಡೀತಿ?”

ಒಳಗೆ ಕೂಡಿಸಿಕೊಂಡು, ಬೆನ್ನಿನ ಸಮಾಚಾರ ಕೇಳಿ, ಆಮೇಲೆ ಅಂದರು: “ನಿನ್ನ ಮಂದಿ ನಿನಗ ಭಾಳ ಕಾಡಸ್ಲಿಕ್ಕೆ ಹತ್ಯಾರಂತಲ್ಲ. ಅವಧೂತ ಹೇಳಿದ.”

“ಹೂಂನ್ರಿ.”

“ಒಂದು ಮಾತು ಕೇಳತೇನಿ, ತಪ್ಪು ತಿಳೀಬ್ಯಾಡ. ಅಷ್ಟು ದಿನದಾಗ ಒಂದs ಒಂದು ನೋವಿನ ಗುಳಿಗಿನೂ ತಗೊಂಡಿಲ್ಲೇನು ನೀನು?”

“ಇಲ್ರಿ.”

“ನೆನಪ ಮಾಡ್ಕೋ. ಡ್ರೈವರ ಅಂದ ಮ್ಯಾಲೆ ಕಿಸೇದಾಗ ಇರ್ತಾವ.”

“ಇಲ್ರಿ ಸಾಹೇಬ್ರ. ತಗೊಂಡಿಲ್ಲ.”

ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. “ಹಿಂಗ ಅದ ನೋಡು. ನೀರಿನ ಗುಂಪಿನವರು ಗುಳಿಗಿ ತಗೊಂಡಿದ್ದರ, ಅವರ ಲೆಕ್ಕ ಬದಿಗೆ ಇಡಬೇಕಾಗ್ತದ. ಅದು ನಿಯಮ. ಈಗಾಗಲೇ ಇಬ್ಬರಿಗೆ ನೆನಪಾಗೇದ. ನಿನಗೂ ನೆನಪಾದರ, ನಿನ್ನ ಮಂದಿಗೆ ನೀನು ಎದಿ ತಟ್ಟಿ ಹೇಳಬಹುದು. ನೀರಿಗೆ ಆರಾಮಾಗಿಲ್ಲೋ, ಗುಳಿಗಿಗೆ ಆಗೇದ ಅಂತ. ನಾಟಕ ಅಂದವರ ಬಾಯಿ ಮುಚ್ಚತದ. ನಾನೂ ಏಕನಾಥಗ ಒಂದು ಮಾತು ಹಾಕತೇನಿ.”

ನೀರಿಗೆ ವಾಸಿಯಾದ ನಮ್ಮ ಲೆಕ್ಕ ಬದಿಗೆ ಹೋದರೆ ಅವರ ಔಷಧ ಗೆದ್ದಂತೆ, ಬದಲಿಗೆ ನನ್ನ ಹೆಸರು ನನಗೆ ಮರಳಿ ಕೊಡುತ್ತೇನೆ ಅನ್ನುತ್ತಿದ್ದಾರೆ. ಒಂದು ಸಣ್ಣ ಸುಳ್ಳು, ಅದೂ ಯಾರೂ ಹಿಡಿಯಲಾಗದ ಸುಳ್ಳು. ನಾನು ಹೂಂ ಅಂದರೆ ನಾಳೆಯಿಂದ ಬಯಲಿನಲ್ಲಿ ಮತ್ತೆ ಬಸು.

“ಸಾಹೇಬ್ರ, ನೀವು ಇದನ್ನ ಯಾಕ ಇಷ್ಟು ಹಚ್ಕೊಂಡೀರಿ?” ಅಂತ ಕೇಳಿದೆ.

“ಯಾಕಂದ್ರ ಇದು ಕೆಲಸ ಮಾಡ್ತದೋ. ನನ್ನ ಕಣ್ಣಿಲೆ ನೋಡೇನಿ. ನಿಮ್ಮವ್ವನ್ನs ಕೇಳು, ಕೈ ಎತ್ತಲಿಕ್ಕೆ ಬರ್ತಿದ್ದಿಲ್ಲ ಅಕಿಗೆ. ಈಗ ಆರಾಮ ಇದ್ದಾಳ. ಅಂಥವರು ನನ್ನ ಹತ್ರ ನೂರಾರು ಮಂದಿ. ಕೇತಕಿ ನಾಕು ಮಂದಿ ಡ್ರೈವರಗಳನ್ನ ಇಟಕೊಂಡು ಅದು ಸುಳ್ಳು ಅಂತ ಬರದರ, ನಾಳೆ ಯಾವ ಬಡವಗ ಯಾರು ಈ ಸೂಜಿ ಹಾಕ್ತಾರ?”

ಅವರ ಕಣ್ಣಲ್ಲಿ ಕಪಟ ಇರಲಿಲ್ಲ. ಅದೇ ಕಷ್ಟ. ವಿಚಾರ ಮಾಡ್ತೀನ್ರಿ ಅಂತ ಎದ್ದು ಬಂದೆ.

ಮನೆಯಲ್ಲಿ ಅವ್ವ ಒಲೆ ಮುಂದೆ ಹಿಟ್ಟು ನಾದುತ್ತಿದ್ದಳು. ಎಲ್ಲ ಹೇಳಿದೆ. “ಸಾಹೇಬ್ರು ಸುಳ್ಳು ಹೇಳೂ ಮನಶ್ಯಾ ಅಲ್ಲ, ಅವ್ವ. ನಿನ್ನ ಭುಜ ಅವರs ಆರಾಮ ಮಾಡ್ಯಾರ. ಹಂಗಾದ್ರ ಔಷಧ ಖರೇನs ಇರಬೇಕಲ್ಲ?”

ಅವ್ವ ಎಡಗೈಯಿಂದ ರೊಟ್ಟಿ ತಟ್ಟಲು ಶುರು ಮಾಡಿದಳು. ಆಗ ಕಣ್ಣಿಗೆ ಬಿತ್ತು ನನಗೆ. ಅವ್ವ ಎಡಚಿ ಅಲ್ಲ.

“ಬಲಗೈ?”

“ಏಳಂಗಿಲ್ಲ, ತಮ್ಮಾ.”

“ಯಾವಾಗಿಂದ?”

“ಮೊದಲಿಂದ. ಒಂದೆರಡು ದಿನ ಹಗುರ ಅನಸ್ತಿತ್ತು, ಮತ್ತ ಹಂಗs.”

“ಸಾಹೇಬ್ರಿಗೆ ಆರಾಮ ಆಗೇದ ಅಂತ ಯಾಕ ಹೇಳಿದಿ?”

ಅವ್ವ ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದಳು. “ಅಲ್ಲೋ, ಅಂಥಾ ದೊಡ್ಡಾಂವ, ಒಂದು ರೂಪಾಯಿ ಮುಟ್ಟದs, ಕುರ್ಚಿ ಕೊಟ್ಟು ಕುಂಡ್ರಿಸಿ, ಚಹಾ ತರಿಸಿ, ತಂಗಿಗೆ ಮಾಡಿದಂಗ ಮಾಡ್ಯಾನ. ‘ರುದ್ರವ್ವಾ, ಈಗ ಆರಾಮ ಅನಸ್ತದಿಲ್ಲೋ’ ಅಂತ ಕೇಳಿದ್ರ, ಇಲ್ಲ ಅಂತ ಮಾರಿ ಮ್ಯಾಲ ಹೆಂಗ ಅನ್ನಲಿ? ಭಿಡೆ, ದಾಕ್ಷಿಣ್ಯ ಅನ್ನೂದು ಐತಿಲ್ಲೋ? ಅಲ್ಲೇ ಸೂಜಿ ಹಾಕಿಸ್ಕೊಂಡ ನಮ್ಮ ಓಣಿ ಕಾಶವ್ವನೂ ಹಂಗs ಹೇಳ್ಯಾಳ. ನೀಲಿಮಾನ ಅತ್ತಿನೂ ಹಂಗs.”

ನಾನು ಗೋಡೆಗೆ ಒರಗಿದೆ. ನೂರಾರು ಮಂದಿ ಅಂದಿದ್ದರಲ್ಲ ಸಾಹೇಬರು. ಅವರಲ್ಲಿ ಎಷ್ಟು ಮಂದಿಗೆ ಖರೆ ಆರಾಮಾಗಿದೆ, ಎಷ್ಟು ಮಂದಿ ಭಿಡೆಗೆ ಬಿದ್ದು ಹೂಂ ಅಂದಿದ್ದಾರೆ, ಯಾರಿಗೆ ಗೊತ್ತು? ಆ ಮನುಷ್ಯ ಮೋಸ ಮಾಡಲಿಲ್ಲ. ನಾವೇ, ನಮ್ಮ ಮಂದಿಯೇ, ಚಹಾದ ಕಪ್ಪು ಹಿಡಿದುಕೊಂಡು, ಒಬ್ಬರಾದ ಮೇಲೊಬ್ಬರು ಅವರಿಗೆ ಸುಳ್ಳು ಹೇಳಿ ಹೇಳಿ ಅವರನ್ನು ಅಷ್ಟು ಗಟ್ಟಿ ಮಾಡಿದ್ದೇವೆ. ಹರ್ಷದಾ ಯಾಕೆ ನಗುತ್ತಿರಲಿಲ್ಲ, ಯಾಕೆ ಚಹಾ ಕೇಳುತ್ತಿರಲಿಲ್ಲ ಅಂತ ಆಗ ಹೊಳೆಯಿತು. ಭಿಡೆ ಹುಟ್ಟದ ಹಾಗೆ ಕೇಳುವುದೂ ಒಂದು ಕೆಲಸ.

“ಸಾಹೇಬ್ರಿಗೆ ಇದನ್ನ ಹೇಳಬ್ಯಾಡ ಮತ್ತ,” ಅಂದಳು ಅವ್ವ. “ನನ್ನ ಮಾತು ನಾನು ಹೇಳ್ತೀನಿ, ಧೈರ್ಯ ಬಂದಾಗ. ಮಂದಿ ಎದುರಿಗೆ ಅಲ್ಲ.”

“ಮತ್ತ ನನ್ನ ಮಾತು?”

“ನಿನ್ನದು ನೀನು ನೋಡ್ಕೋ. ಅವರ ಮನಿ ರೊಟ್ಟಿ ಹೋದ್ರ ಹೋಗ್ಲಿ. ರೊಟ್ಟಿ ತಿನ್ನೋರಿಗೇನು ಬರ ಬಂದದ ಈ ಊರಾಗ?”

ಅದಾದ ರವಿವಾರ ದವಾಖಾನೆಯ ಸಭಾಗೃಹದಲ್ಲಿ ನಮಗೆಲ್ಲ ಆಭಾರ ಹೇಳುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಪೋಹೆ, ಚಹಾ. ಡ್ರೈವರುಗಳನ್ನು ಕಳಿಸಿಕೊಟ್ಟದ್ದಕ್ಕೆ ಏಕನಾಥನಿಗೆ ಶಾಲು, ತೆಂಗಿನಕಾಯಿ. ಅದನ್ನು ಹೊದ್ದುಕೊಂಡೇ ಮೊದಲ ಸಾಲಿನಲ್ಲಿ ಕೂತಿದ್ದ. ಹಿಂದಿನ ಸಾಲುಗಳಲ್ಲಿ ನಾವು, ಬದಿಗೆ ಬೇರೆ ಡಾಕ್ಟರುಗಳು. ಅವಧೂತ ನನ್ನ ಪಕ್ಕದಲ್ಲಿ ಕೂತು, ತನ್ನ ಟವೆಲು ಮಡಚಿ ಸೊಂಟಕ್ಕೆ ಕೊಟ್ಟುಕೊಂಡ.

ಕೇತಕಿ ನಾಲ್ಕು ಮಾತು ಹೇಳಿ ಕೂತ ಮೇಲೆ ಮಧ್ವೇಶ ಸಾಹೇಬರು ಎದ್ದರು. ಎಲ್ಲರಿಗೂ ತಿಳಿಯಲಿ ಅಂತ ಮರಾಠಿಯಲ್ಲೇ ಕೇಳಿದರು. ಪರೀಕ್ಷೆಯ ದಿನಗಳಲ್ಲಿ ನೋವಿನ ಗುಳಿಗೆ ತಗೊಂಡವರು ಇದ್ದರೆ ಈಗಲೂ ಹೇಳಬಹುದು, ಯಾರೂ ಏನೂ ಅನ್ನುವುದಿಲ್ಲ.

ಕೇತಕಿ ಕೂತಲ್ಲಿಂದಲೇ ಅಂದರು: “ಸರ್, ಇದನ್ನು ಪ್ರತಿ ಭೇಟಿಯಲ್ಲೂ ಕೇಳಿದ್ದೇವೆ. ಯಾರಿಗೆ ಏನು ಸಿಕ್ಕಿತ್ತು ಅಂತ ಗೊತ್ತಾದ ಮೇಲೆ ಮತ್ತೆ ಕೇಳುವುದು ಸರಿಯಲ್ಲ.”

“ಸತ್ಯ ಹೇಳುವುದಕ್ಕೆ ತಡ ಅನ್ನುವುದು ಇದೆಯೇನಮ್ಮ?” ಅಂದರು ಸಾಹೇಬರು, ಮೃದುವಾಗಿಯೇ.

ಇಬ್ಬರು ಎದ್ದು ನಿಂತರು. ನೀರಿನ ಗುಂಪಿನವರೇ. ತಗೊಂಡಿದ್ದೆವು, ಮರೆತಿದ್ದೆವು ಅಂದರು. ಅವರ ಮುಖ ನೋಡಿದರೆ ಬೈಯಲು ಮನಸ್ಸಾಗಲಿಲ್ಲ. ಆ ಬಯಲಿನಲ್ಲಿ ಅವರನ್ನೂ ಕಾಡಿಸಿದ್ದರು. ಸಾಹೇಬರ ಕಣ್ಣು ನನ್ನ ಮೇಲೆ ಬಂದು ನಿಂತಿತು. ಏಕನಾಥನೂ ಶಾಲಿನೊಳಗಿಂದ ತಿರುಗಿ ನೋಡಿದ.

ಎದ್ದು ನಿಂತೆ. ಮರಾಠಿಯಲ್ಲೇ ಹೇಳಿದೆ, ಒಬ್ಬರಿಗೂ ಕೇಳಲಿಲ್ಲ ಅನ್ನಿಸಬಾರದು ಅಂತ ದೊಡ್ಡ ದನಿಯಲ್ಲಿ.

“ನಾನು ಪಾಣೀವಾಲಾ. ಇಲ್ಲಿ ಅರ್ಧ ಮಂದಿಗೆ ನನ್ನ ನಿಜವಾದ ಹೆಸರು ಮರೆತೇ ಹೋಗಿದೆ, ಅದಕ್ಕೆ ಹೀಗೇ ಹೇಳುತ್ತೇನೆ. ನಾನು ಒಂದೂ ಗುಳಿಗೆ ತಗೊಂಡಿಲ್ಲ. ಕೊಡಲು ಬಂದವರಿದ್ದರು, ಇಲ್ಲೇ ಕೂತಿದ್ದಾರೆ. ತಗೊಳ್ಳಲಿಲ್ಲ. ನನ್ನ ನೋವು ಎಂಟಿತ್ತು, ಎರಡಾಯಿತು, ಎರಡೂ ಖರೆ. ನನಗೆ ಚುಚ್ಚಿದ್ದು ನೀರು, ಅದೂ ಖರೆ. ಹೇಗೆ ಹೋಯಿತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಇಷ್ಟು ಓದಿದವರಿಗೇ ಇನ್ನೂ ಗೊತ್ತಿಲ್ಲ, ಹುಡುಕುತ್ತಿದ್ದಾರೆ. ಹುಡುಕಬೇಕಾದರೆ ನನ್ನ ಲೆಕ್ಕ ಇದ್ದಲ್ಲೇ ಇರಬೇಕು. ಬದಿಗೆ ಇಡಲು ನಾನು ಬಿಡುವುದಿಲ್ಲ. ನಾನು ನೀರಿನ ಗುಂಪಿನವನು, ನನಗೆ ಅದರಲ್ಲಿ ನಾಚಿಕೆ ಏನೂ ಇಲ್ಲ.”

ಯಾರೂ ನಗಲಿಲ್ಲ. ನಿಂತಿದ್ದ ಇಬ್ಬರಲ್ಲಿ ಒಬ್ಬ ಕುರ್ಚಿಯ ಬೆನ್ನು ಹಿಡಿದು, “ನಾನೂ ಖರೆ ಹೇಳಬೇಕಂದ್ರೆ...” ಅಂತ ಶುರು ಮಾಡಿ ಕೇತಕಿಯವರ ಕಡೆ ನೋಡಿದ. ಪಕ್ಕದಲ್ಲಿದ್ದ ಅವಧೂತ ಕೆಮ್ಮಿದ. ಆ ಹೊತ್ತಿನಲ್ಲಿ ನನ್ನ ಎದೆ ಎಷ್ಟು ಅಗಲವಾಗಿತ್ತು ಅಂತ ಹೇಳಿದರೆ ಸೊಕ್ಕು ಅಂತೀರಿ. ಅನ್ನಿ. ಶಾಲೆ ಬಿಟ್ಟ ದಿನದಿಂದ ಯಾವ ಕಾಗದದ ಮೇಲೂ ನನ್ನ ಲೆಕ್ಕ ಇರಲಿಲ್ಲ. ಈಗ ಒಂದು ಕಡೆ ಇತ್ತು, ಅದನ್ನು ಅಲ್ಲಿಂದ ಅಳಿಸಲು ನಾನು ಕೊಡಲಿಲ್ಲ.

ಬಾಗಿಲ ಕಡೆ ಹೊರಟೆ. ಮೊದಲ ಸಾಲು ದಾಟುವಾಗ ಮಧ್ವೇಶ ಸಾಹೇಬರು ಮೈಕು ಬಿಟ್ಟು ಕೆಳಗಿಳಿದು ಬಂದರು. ಮುಖ ಕೆಂಪಾಗಿತ್ತು, ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಈಗ ಕನ್ನಡದಲ್ಲಿ ಅಂದರು, ಆದರೆ ಎಲ್ಲರಿಗೂ ಕೇಳುವ ಹಾಗೆ.

“ಇಷ್ಟು ದೊಡ್ಡ ಮಾತು ಆಡಿದೆಲ್ಲೋ ಬಸೂ. ಇದೊಂದು ಹೇಳಿ ಹೋಗು. ನಿಮ್ಮವ್ವನ ಭುಜ ಯಾತರಿಂದ ಆರಾಮಾತು? ಅದೂ ನೀರಿನಿಂದೇನು?”

ಉತ್ತರ ನಾಲಿಗೆಯ ತುದಿಗೇ ಇತ್ತು. ಒಂದೇ ವಾಕ್ಯ ಸಾಕಾಗಿತ್ತು. ಅಷ್ಟು ಡಾಕ್ಟರುಗಳ ಎದುರಿಗೆ, ಏಕನಾಥನ ಎದುರಿಗೆ, ಆ ಮನುಷ್ಯನ ಇಷ್ಟು ವರ್ಷದ ನಂಬಿಕೆ ನೆಲಕ್ಕೆ ಬೀಳುತ್ತಿತ್ತು. ನನ್ನ ಕೈ ಬೇಗ ಏಳುತ್ತದೆ ಅಂದೆನಲ್ಲ, ನಾಲಿಗೆ ಅದಕ್ಕಿಂತ ಬೇಗ ಏಳುತ್ತದೆ. ಆದರೆ ಆ ಮಾತು ನನ್ನದಾಗಿರಲಿಲ್ಲ. ಅದು ರುದ್ರವ್ವನ ಮಾತು. ಅವಳೇ ಹೇಳಬೇಕು, ಅವಳ ದನಿಯಲ್ಲಿ, ಅವಳು ಆರಿಸಿದ ಹೊತ್ತಿನಲ್ಲಿ.

ಸಾಹೇಬರು ಕಾಯುತ್ತಿದ್ದರು. ಎಲ್ಲರೂ ಕಾಯುತ್ತಿದ್ದರು.

ಅವರಿಗೆ ಕೈ ಮುಗಿದೆ, ಬಾಗಿಲು ತಳ್ಳಿ ಹೊರಗೆ ನಡೆದೆ.